ಗೋಧಿ ಬಿಟ್ಟ ಹರಕೆ

ಸರ್ವಮಂಗಳಾ ಗೋಧಿ ಬಿಟ್ಟದ್ದು ಯಾವ ದೇವರ ಹೆಸರಿನಲ್ಲೂ ಅಲ್ಲ. ಆದರೆ ಮಗಳು ಗಾನವಿಗೆ ಗಂಡು ನೋಡಿದ್ದ ನರಸೀಪುರದ ಮಾದಯ್ಯನವರ ಮನೆಯವರು ಹಾಗೆಂದೇ ತಿಳಿದಿದ್ದರು. ಹಾಗೆ ತಿಳಿಯುವಂತೆ ಮಾಡಿದವನು ಅವಳ ಗಂಡ ಬಸವೇಶ್. ಹುಡುಗನ ಮನೆ ನೋಡಲು ಬನ್ನಿ, ಊಟಕ್ಕೇ ಬನ್ನಿ ಎಂದು ಅವರು ಫೋನ್ ಮಾಡಿದಾಗ ಅವನು ಹಿತ್ತಲಿನಲ್ಲಿ ಅತ್ತಿಂದಿತ್ತ ಅಡ್ಡಾಡುತ್ತ ಮಾತಾಡುತ್ತಿದ್ದ.

"ಬತ್ತೀವಿ ಯಜಮಾನ್ರೇ, ಎಲ್ರೂ ಬತ್ತೀವಿ. ಒಂದೇ ಒಂದ್ ವಿಷ್ಯ. ನಮ್ಮನೆಯವ್ರು ಗೋಧಿ ಮುಟ್ಟಲ್ಲ. ಹರಕೆ. ನಮ್ಮೂರ ನಂಜುಂಡೇಶ್ವರನಿಗೆ ಮಾಡ್ಕೊಂಡಿರೋದು."

ಫೋನು ಕಿಸೆಗೆ ಸೇರಿದ ಮೇಲೆ ಸರ್ವಮಂಗಳಾ ಕೇಳಿದಳು: "ಹರಕೆ ಅಂದ್ಬಿಟ್ರಲ್ರೀ?"

"ಇನ್ನೇನನ್ಲಿ? ಸೀಲಿಯಾಕ್ ಕಾಯಿಲೆ ಅಂತ ಹೇಳಿ, ಅದೇನು ಅಂತ್ಲೂ ಹೇಳಿ, ತಾಯಿಂದ ಮಕ್ಳಿಗೂ ಬರ್ಬೋದು ಕಣ್ರೀ ಅಂತ್ಲೂ ಹೇಳ್ಲಾ? ತಗೋ ಫೋನು, ನೀನೇ ಹೇಳು."

ಅವಳು ಫೋನು ತೆಗೆದುಕೊಳ್ಳಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳು ಎಷ್ಟು, ನಿಜ ಎಷ್ಟು ಎಂದು ಬಿಡಿಸಿ ನೋಡುವ ಧೈರ್ಯವೂ ಅವಳಿಗೆ ಬರಲಿಲ್ಲ.

ಮದುವೆಯಾದಾಗಿನಿಂದ ಅವಳಿಗೆ 'ರಕ್ತ ಕಮ್ಮಿ' ಎನ್ನುವುದು ಹೆಸರಿನ ಜೊತೆ ಸೇರಿಕೊಂಡ ಮಾತಾಗಿತ್ತು. ಹೊಟ್ಟೆ ಕೆಡುತ್ತಿತ್ತು, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಖರ್ಜೂರ ತಿನ್ನು ಎಂದವರು, ಬೀಟ್‌ರೂಟು ತಿನ್ನು ಎಂದವರು, ದೃಷ್ಟಿ ತೆಗೆದವರು, ಸೋಮಾರಿ ಎಂದವರು, ಎಲ್ಲರ ಮಾತನ್ನೂ ಕೇಳಿಸಿಕೊಂಡಳು. ಗಾನವಿ ಹುಟ್ಟುವ ಮುಂಚೆ ಒಂದು, ಆಮೇಲೆ ಒಂದು, ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕೊನೆಗೆ ಮೂರು ವರ್ಷದ ಕೆಳಗೆ ಮೈಸೂರಿನ ಒಬ್ಬ ಡಾಕ್ಟರು ರಕ್ತ ತೆಗೆಸಿ, ಗಂಟಲೊಳಗೆ ಪೈಪು ಇಳಿಸಿ ನೋಡಿ, ನಿಮ್ಮ ಕರುಳಿಗೆ ಗೋಧಿ ಆಗುವುದಿಲ್ಲಮ್ಮ ಎಂದರು. ಇನ್ನು ಸಾಯುವ ತನಕ ಒಂದು ಚೂರೂ ಬೇಡ. ಗೋಧಿ, ಮೈದಾ, ರವೆ, ಶಾವಿಗೆ, ಯಾವುದೂ. "ಗರ್ಭ ನಿಲ್ದೇ ಹೋಗಿತ್ತಾ?" ಎಂದು ಕೇಳಿದರು. "ಎರಡು ಸಲ," ಎಂದಳು. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಅವರ ಪೆನ್ನು ಒಂದು ಗಳಿಗೆ ನಿಂತೀತೆಂದು ಅವಳು ಕಾದಳು. ನಿಲ್ಲಲಿಲ್ಲ. ಹೊರಡುವಾಗ, ಮಗಳಿಗೂ ಒಂದು ಸಲ ಪರೀಕ್ಷೆ ಮಾಡಿಸಿ ಎಂದರು.

ಗಾನವಿಯ ಬಾಯಲ್ಲಿ ಹುಣ್ಣು ಆಗಾಗ ಏಳುತ್ತಿತ್ತು. ಕಬ್ಬಿಣದ ಮಾತ್ರೆ ಅವಳಿಗೂ ತಪ್ಪಿರಲಿಲ್ಲ. ಪರೀಕ್ಷೆಯ ಮಾತೆತ್ತಿದಾಗೆಲ್ಲ ಬಸವೇಶ್ ಹೇಳುತ್ತಿದ್ದುದು ಒಂದೇ. "ಮದ್ವೆ ಆಗ್ಲಿ, ಆಮೇಲೆ ಮಾಡ್ಸಣ. ರಿಪೋರ್ಟು ಕೈಗೆ ಬಂದ್ಮೇಲೆ ಹೇಳ್ದೇ ಇದ್ರೆ ಮುಚ್ಚಿಟ್ಟಂಗೆ. ಗೊತ್ತೇ ಇಲ್ದೇ ಇದ್ರೆ ಮುಚ್ಚಿಡೋದೇನು?" ಅಂಗಡಿಯಲ್ಲಿ ದಿನವೂ ಬಟ್ಟೆ ಅಳೆದು ಕತ್ತರಿಸುವವನ ಮಾತು. ಅಂಚು ನೆಟ್ಟಗಿರುತ್ತಿತ್ತು. ಸರ್ವಮಂಗಳಾ ಒಪ್ಪಿದ್ದಳು. ಒಪ್ಪಿದಳು ಎನ್ನುವುದಕ್ಕಿಂತ, ಸುಮ್ಮನಾಗಿದ್ದಳು.

ಮನೆಯಲ್ಲಿದ್ದರೆ ಅವಳಿಗೆ ಏನೂ ಕಷ್ಟವಿರಲಿಲ್ಲ. ಮುದ್ದೆ ಇತ್ತು, ಅನ್ನ ಇತ್ತು. ಕಷ್ಟವೆಲ್ಲ ಹೊಸಿಲು ದಾಟಿದ ಮೇಲೆ. ಈ ಸೀಮೆಯಲ್ಲಿ ಮನೆಯವರಿಗೆ ರಾಗಿ, ನೆಂಟರಿಗೆ ಗೋಧಿ. ಯಾರಾದರೂ ಬಂದರೆಂದರೆ ಉಪ್ಪಿಟ್ಟು, ಕೇಸರಿಬಾತು; ಇನ್ನೂ ಬೇಕಾದವರೆಂದರೆ ಪೂರಿ, ಹೋಳಿಗೆ. ಪ್ರೀತಿ ಹೆಚ್ಚಾದಷ್ಟೂ ಅವಳ ಎಲೆಯ ಮೇಲೆ ವಿಷ ಹೆಚ್ಚಾಗುತ್ತಿತ್ತು. ಕವಲಂದೆಯ ತಂಗಿಯೇ ಮೊದಲ ಸಲ, "ನಿಂಗೆ ಆಗ್ದೇ ಇರೋದು ಗೋಧಿ ತಾನೇ? ಇದು ರವೆ ಕಣಕ್ಕ," ಎಂದು ತಟ್ಟೆ ತುಂಬ ಉಪ್ಪಿಟ್ಟು ತಂದಿಟ್ಟಿದ್ದಳು. ಮೈದಾ ಬೆಳ್ಳಗಿದೆ, ಅದು ಹೇಗೆ ಗೋಧಿಯಾಗುತ್ತದೆ ಎಂದು ವಾದ ಮಾಡಿದವರಿದ್ದರು. ಒಂಚೂರಿಗೆ ಏನಾಗಲ್ಲ ಎಂದವರಂತೂ ಎಲ್ಲ ಊರಲ್ಲೂ ಇದ್ದರು. ಮದುವೆ ಮನೆಗಳಿಗೆ ಡಬ್ಬಿ ಕಟ್ಟಿಕೊಂಡು ಹೋಗಿ, ಕೈ ತೊಳೆಯುವ ಜಾಗದ ಹತ್ತಿರ ಕೂತು ತಿಂದು ಬರುತ್ತಿದ್ದಳು. "ಮಂಗಳಕ್ಕಂಗೆ ನಮ್ಮನೆ ಅಡುಗೆ ಸೇರಾಕಿಲ್ಲ ಬುಡಿ," ಎಂದು ಬೆನ್ನ ಹಿಂದೆ ಆಡಿದ್ದು ಅವಳ ಕಿವಿಗೂ ಬಿದ್ದಿತ್ತು. ಬರಬರುತ್ತ ಹೋಗುವುದನ್ನೇ ಕಡಿಮೆ ಮಾಡಿದಳು.

ಆ ಭಾನುವಾರ ಡಬ್ಬಿ ಕಟ್ಟಬೇಡ ಎಂದು ಬಸವೇಶ್ ಖಡಾಖಂಡಿತವಾಗಿ ಹೇಳಿದ. ಬೀಗರಾಗುವವರ ಮನೆಗೆ ಬುತ್ತಿ ಕಟ್ಟಿಕೊಂಡು ಹೋಗುವುದುಂಟೆ?

ಮಾದಯ್ಯನವರ ಮನೆ ನರಸೀಪುರದ ಒಳಬೀದಿಯಲ್ಲಿತ್ತು. ಮಗ ತೀರಿಕೊಂಡ ಮೇಲೆ ಸೊಸೆ ದಾಕ್ಷಾಯಿಣಿಯನ್ನೂ ಮೊಮ್ಮಗ ರವಿಚಂದ್ರನನ್ನೂ ಅವರೇ ದಡ ಮುಟ್ಟಿಸಿದ್ದರು. ರವಿಚಂದ್ರ ಈಗ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿದ್ದ. ಗಾನವಿಗೂ ಅವನಿಗೂ ಆಗಲೇ ಫೋನಿನಲ್ಲಿ ಮಾತು ಬೆಳೆದಿತ್ತು. ಕಾರಿನಿಂದಿಳಿದವಳೇ ಅವನನ್ನು ನೋಡಿ ತಲೆ ತಗ್ಗಿಸಿ ನಕ್ಕ ನಗೆಯನ್ನು ಸರ್ವಮಂಗಳಾ ಪಕ್ಕದಿಂದ ಕಂಡಳು. ಮಗಳ ಮುಖದಲ್ಲಿ ಅಂಥದೊಂದು ನಗೆ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

ದಾಕ್ಷಾಯಿಣಿ ಅವಳ ಕೈ ಹಿಡಿದು ನೇರ ಅಡುಗೆಮನೆಗೆ ಕರೆದುಕೊಂಡು ಹೋದಳು.

"ನೋಡಿ ಅಕ್ಕ, ನಿಮ್ಮ ಹಂಚು ಇದು, ಹೊಸಾದು. ಇದರ ಮೇಲೆ ಚಪಾತಿ ಬಿದ್ದೇ ಇಲ್ಲ. ಅಕ್ಕಿಹಿಟ್ಟು ಮಿಲ್ಲಲ್ಲಿ ಬೀಸ್ಸಿಲ್ಲ. ಅಲ್ಲಿ ನಮಗಿಂತ ಮೊದ್ಲು ಯಾರೋ ಗೋಧಿ ಸುರ್ದಿರ್ತಾರೆ ನೋಡಿ. ಮನೇಲೇ ಮಿಕ್ಸೀಗೆ ಹಾಕ್ದೆ. ಹರಕೆ ಅಂದ್ಮೇಲೆ ನಮ್ಮ ಕೈತಪ್ಪಿಂದ ಕೆಡಬಾರದಲ್ವಾ?"

ಸರ್ವಮಂಗಳಾ ಹೊಸ ಹಂಚನ್ನು ಮುಟ್ಟಿ ನೋಡಿದಳು. ಮೂರು ವರ್ಷದಲ್ಲಿ, ಹುಟ್ಟಿದ ಊರಿನಲ್ಲಿ, ಒಡಹುಟ್ಟಿದವರ ಮನೆಯಲ್ಲಿ, ಎಷ್ಟು ಬಿಡಿಸಿ ಹೇಳಿದರೂ ಯಾರೊಬ್ಬರೂ ಮಿಲ್ಲಿನ ಹಿಟ್ಟಿನ ವರೆಗೆ ಯೋಚಿಸಿರಲಿಲ್ಲ. ಕಾಯಿಲೆಗೆ ಸಿಗದ ಮರ್ಯಾದೆ ಹರಕೆಗೆ ಸಿಕ್ಕಿತ್ತು. ತಾನು ಕಾಯಿಲೆಯವಳಲ್ಲ, ವ್ರತದವಳು ಎನ್ನುವ ಸುಳ್ಳಿನ ನೆರಳಿನಲ್ಲಿ ನಿಂತು ಅವಳಿಗೆ ಮೊದಲ ಬಾರಿಗೆ ಪರರ ಮನೆಯಲ್ಲಿ ಹಸಿವಾಯಿತು.

"ಒಗ್ಗರಣೆಗೆ ಇಂಗು ಹಾಕ್ಬೋದಾ?"

"ಬೇಡಿ. ಡಬ್ಬೀಲಿ ಬರೋ ಇಂಗಿಗೆ ಗೋಧಿಹಿಟ್ಟು ಬೆರೆಸಿರ್ತಾರೆ."

ನಡುಮನೆಯ ಕುರ್ಚಿಯಲ್ಲಿ ಕೂತಿದ್ದ ಮಾದಯ್ಯನವರ ಕಿವಿ ಚುರುಕು. "ಅಬ್ಬಬ್ಬಾ! ಅರಕೆ ಅಂದ್ರೆ ಇಂಗಿರ್ಬೇಕು ಕಣವ್ವ!" ಎಂದು ಅಲ್ಲಿಂದಲೇ ಕೂಗಿದರು.

"ಇಂಗ್ ಇರ್ಬಾರ್ದು ಅಂತ್ಲೇ ಮಾವ ಅವ್ರು ಹೇಳ್ತಿರೋದು," ಎಂದಳು ದಾಕ್ಷಾಯಿಣಿ.

ಮನೆಯೆಲ್ಲ ನಕ್ಕಿತು. ಬಸವೇಶ್ ಎಲ್ಲರಿಗಿಂತ ಜೋರಾಗಿ ನಕ್ಕ.

ಮಾತುಕತೆ ಬೇಗ ಮುಗಿಯಿತು. ಎರಡೂ ಕಡೆಯವರಿಗೆ ಬೇಕಾಗಿದ್ದ ಸಂಬಂಧ. ಮಾದಯ್ಯನವರು ವಲ್ಲಿಯಿಂದ ಮುಖ ಒರೆಸಿಕೊಂಡು, "ನಮ್ಗೆ ಒಪ್ಗೆ," ಎಂದರು. "ನಮ್ಗೂ," ಎಂದ ಬಸವೇಶ್. "ಅಂಗಾರೆ ಇನ್ನೇನ್ ಬೀಗ್ರೇ, ಬಾಯಿ ಸೀ ಮಾಡ್ಕಳಿ. ಆಮ್ಯಾಕೆ ಊಟ."

ಬೆಳಗ್ಗೆ ಸೊಸೆಯ ಕೈಲಿ ಸಜ್ಜಿಗೆ ಮಾಡಿಸಿ, ಅಗಸ್ತ್ಯೇಶ್ವರನಿಗೆ ನೈವೇದ್ಯ ಮಾಡಿಸಿಕೊಂಡು ಬಂದಿದ್ದರು. ಬೆಳ್ಳಿಯ ಬಟ್ಟಲು, ಮೇಲೆ ಬಿಲ್ವದ ಎಲೆ, ತುಪ್ಪದ ಘಮ. ತಾವೇ ಎದ್ದು ಎಲ್ಲರ ಕೈಗೂ ಹಾಕುತ್ತ ಬಂದರು. ಬಸವೇಶ್ ಕಣ್ಣಿಗೊತ್ತಿಕೊಂಡು ತಿಂದ. ಗಾನವಿ ತಿಂದಳು. ಅವರು ಸರ್ವಮಂಗಳಾಳ ಮುಂದೆ ಬಂದು ನಿಂತಾಗ ದಾಕ್ಷಾಯಿಣಿ ಅಡ್ಡ ಬಂದಳು.

"ಮಾವ, ಅವ್ರಿಗೆ ಬೇಡಿ. ಸಜ್ಜಿಗೆ ಅಂದ್ರೆ ರವೆ ಅಲ್ವಾ? ಅವ್ರಿಗೆ ಬಾಳೆಹಣ್ಣು ಕೊಡ್ತೀನಿ."

ಮಾದಯ್ಯನವರು ಸೊಸೆಯನ್ನು ವಿಚಿತ್ರವಾಗಿ ನೋಡಿದರು. "ಪ್ರಸಾದಕ್ಕೆಲ್ಲಿಯವ್ವಾ ಅರಕೆ? ಸಿವನ ಮುಂದಿಟ್ಟ ಮ್ಯಾಲೆ ಅದು ರವೇನೂ ಅಲ್ಲ, ಗೋಧೀನೂ ಅಲ್ಲ. ಅರಕೆ ಒತ್ತಿರೋದೂ ಅವನಿಗೇಯ, ಕೊಡ್ತಿರೋದೂ ಅವನೇಯ. ಪ್ರಸಾದಕ್ಕೆ ಯಾವ ಅರಕೇನೂ ಅಡ್ಡ ಇಲ್ಲ. ಇಡೀರವ್ವ ಕೈಯ."

ನಿಜವಾಗಿ ಹರಕೆ ಹೊತ್ತ ಹೆಂಗಸಾಗಿದ್ದರೆ ಅವಳೂ ಇದನ್ನೇ ನಂಬುತ್ತಿದ್ದಳು, ಸಂತೋಷದಿಂದ ಕೈಯೊಡ್ಡುತ್ತಿದ್ದಳು. ಪ್ರಸಾದ ಬೇಡವೆನ್ನುವವರು ಅವರಲ್ಲಿ ಇಲ್ಲ. ಬೇಡವೆಂದರೆ ಬೇಡವೆಂದದ್ದು ಸಜ್ಜಿಗೆಯನ್ನಲ್ಲ. ಶಿವನನ್ನು, ಈ ಮನೆಯನ್ನು, ಈಗಷ್ಟೇ ಆದ ಒಪ್ಪಿಗೆಯನ್ನು. ಬಸವೇಶ್ ನೆಲ ನೋಡುತ್ತಿದ್ದ. ಗಾನವಿ ತಾಯಿಯನ್ನೇ ನೋಡುತ್ತಿದ್ದಳು. ತಿನ್ನಬೇಡಮ್ಮ ಎನ್ನುತ್ತಾಳೇನೋ ಎಂದು ಸರ್ವಮಂಗಳಾ ಮಗಳ ಕಣ್ಣನ್ನು ಹುಡುಕಿದಳು. ಆ ಕಣ್ಣಲ್ಲಿ ಇದ್ದದ್ದು, ತಿಂದುಬಿಡಮ್ಮ ಎನ್ನುವ ಬೇಡಿಕೆ.

ಕೈಯೊಡ್ಡಿದಳು. ಸೆರಗಿನ ತುದಿಗೆ ಕಟ್ಟಿಕೊಳ್ಳೋಣವೆಂದರೆ, ಮಗುವಿಗೆ ಔಷಧಿ ಕುಡಿಸಿ ನುಂಗಿತೋ ಇಲ್ಲವೋ ನೋಡುವವರ ಹಾಗೆ ಮಾದಯ್ಯನವರು ಅಲ್ಲೇ ನಿಂತಿದ್ದರು. ಬಾಯಿಗೆ ಹಾಕಿಕೊಂಡಳು. ರವೆ ಹದವಾಗಿ ಹುರಿದಿತ್ತು. ಇಷ್ಟು ದಿನ ಬಿಟ್ಟಿದ್ದ ರುಚಿ ನಾಲಿಗೆಯ ಮೇಲೆ ಅರಳಿತು, ಅವಳಿಗೆ ಇಷ್ಟವೂ ಆಯಿತು. ತನ್ನ ಮೈ ಎಂಥ ದಡ್ಡ ಮೈ ಎಂದುಕೊಂಡಳು.

ಊಟಕ್ಕೆ ಹೊಸ ಹಂಚಿನ ಅಕ್ಕಿರೊಟ್ಟಿ, ಸೊಪ್ಪಿನ ಪಲ್ಯ, ಇಂಗಿಲ್ಲದ ಸಾರು. ಅವಳಿಗಾಗಿ ಮಾಡಿದ ಒಂದೊಂದನ್ನೂ ದಾಕ್ಷಾಯಿಣಿ ತಾನೇ ಬಡಿಸಿದಳು. ಎಲೆ ಎತ್ತುವ ಹೊತ್ತಿಗೆ ಹೊಕ್ಕುಳ ಸುತ್ತ ಹಿಂಡುವುದು ಶುರುವಾಯಿತು. ತಡೆದುಕೊಂಡಳು. ಎಲೆ ಅಡಿಕೆಯ ತಟ್ಟೆ ಬಂತು, ನಿಶ್ಚಿತಾರ್ಥಕ್ಕೆ ಯಾವ ತಿಂಗಳು ಎಂಬ ಮಾತು ಬಂತು. ಹಣೆಯ ಬೆವರನ್ನು ಸೆರಗಿನಿಂದ ಒತ್ತಿಕೊಳ್ಳುತ್ತ ಕೂತಳು. ಇನ್ನು ಆಗುವುದಿಲ್ಲ ಎನಿಸಿದಾಗ ಎದ್ದು ಹಿತ್ತಲಿಗೆ ಓಡಿದಳು. ಬಟ್ಟೆ ಒಗೆಯುವ ಕಲ್ಲು ಹಿಡಿದು ಬಗ್ಗಿದವಳಿಗೆ ಕರುಳೇ ಬಾಯಿಗೆ ಬಂದಂತೆ ವಾಂತಿಯಾಯಿತು. ಯಾರೋ ಹಣೆ ಹಿಡಿದುಕೊಂಡರು. ದಾಕ್ಷಾಯಿಣಿ. "ಆಗ್ಲಿ, ಆಗ್ಲಿ, ಎಲ್ಲ ಬಂದ್ಬಿಡ್ಲಿ," ಎನ್ನುತ್ತ ಬೆನ್ನು ನೀವಿದಳು.

ಒಳಗೆ ಬಂದಾಗ ಮಾದಯ್ಯನವರ ಮುಖ ಕಪ್ಪಿಟ್ಟಿತ್ತು.

"ಎಣ್ಣೆಂಗ್ಸಿನ ಅರಕೆ ಕೆಡುಸ್ಬುಟ್ನಲ್ಲೋ ಸಿವನೇ," ಎಂದರು. ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡರು. "ನಂದೇ ತೆಪ್ಪು. ಸೊಸೆ ಬಡ್ಕಂಡ್ಳು, ನಾನು ಕೇಳ್ನಿಲ್ಲ. ನಂಜುಂಡ ಒಪ್ನಿಲ್ಲ ನೋಡಿ."

"ಹಂಗೇನಿಲ್ಲ ಬುಡಿ ಯಜಮಾನ್ರೇ, ಬಿಸ್ಲು..." ಎಂದ ಬಸವೇಶ್.

"ನೀವ್ ಸುಮ್ಕಿರಿ. ದಾಕ್ಷಾಯಿಣಿ, ಒಂದ್ ಅರಿಸಿನದ ಬಟ್ಟೆ ತತ್ತಾ."

ಹಳದಿ ಬಟ್ಟೆಯ ತುಂಡು ಬಂತು. ಮುದುಕರು ಅದರಲ್ಲಿ ನಾಣ್ಯವಿಟ್ಟು, ಗಂಟು ಹಾಕಿ, ಸರ್ವಮಂಗಳಾ ಕೈಯಿಂದ ಮುಟ್ಟಿಸಿ, ದೇವರ ಗೂಡಿನಲ್ಲಿಟ್ಟು ಅಡ್ಡ ಬಿದ್ದರು. "ತೆಪ್ಪುಕಾಣ್ಕೆ ಕಟ್ಟಿವ್ನಿ. ಸೋಮವಾರ ನಾನೇ ನಂಜನಗೂಡಿಗೆ ಬಂದು ಒಪ್ಪಿಸ್ತೀನಿ. ಇನ್ನೇನಿಲ್ಲ. ಅವ ದೊಡ್ಡೋನು, ಒಪ್ಕತಾನೆ."

ಮನೆಯ ಉಸಿರು ಸಡಿಲಾಯಿತು. ಅಷ್ಟು ಬೇಗ, ಅಷ್ಟು ಸುಲಭವಾಗಿ, ಎಲ್ಲ ಸರಿಹೋಗಿತ್ತು. ಬಸವೇಶ್ ಗೋಡೆಗೊರಗಿ, ಇನ್ನು ಏನೂ ಮಾತಾಡಬೇಡ ಎನ್ನುವ ಹಾಗೆ ಹೆಂಡತಿಯತ್ತ ನೋಡಿದ. ಅವಳು ಮಜ್ಜಿಗೆಯ ಲೋಟ ಹಿಡಿದು ಕೂತಿದ್ದಳು.

ದಾಕ್ಷಾಯಿಣಿ ವಾತಾವರಣ ತಿಳಿಯಾಗಲೆಂದು ಗಾನವಿಯ ಭುಜ ಹಿಡಿದು ನಕ್ಕಳು. "ನೀನು ಮಾತ್ರ ಹರಕೆಗಿರಕೆ ಹೊತ್ಕೋಬೇಡ ಕಣ್ತಾಯಿ. ಮಾವಂಗೆ ಶುಗರ್ರು, ನಮ್ಮನೇಲಿ ರಾತ್ರಿ ಎಲ್ರಿಗೂ ಚಪಾತೀನೇ. ನೀನು ಲಟ್ಟಿಸು, ನಾನು ಬೇಯಿಸ್ತೀನಿ."

"ಹೂಂ ಅತ್ತೆ," ಎಂದಳು ಗಾನವಿ. ಆಗಲೇ ಅತ್ತೆ. ನಗುವಾಗ ಹುಣ್ಣು ಎಳೆದಿರಬೇಕು, ಕೆನ್ನೆಯ ಒಳಗಡೆ ನಾಲಿಗೆ ಒತ್ತಿ ಹಿಡಿದಳು.

ಸರ್ವಮಂಗಳಾಗೆ ಆ ಅಡುಗೆಮನೆ ಕಾಣಿಸಿತು. ಪ್ರತಿ ಸಂಜೆ ಲಟ್ಟಣಿಗೆಯ ಸದ್ದು. ವರ್ಷ ಕಳೆದಂತೆ ಬಿಳಿಚಿಕೊಳ್ಳುವ ಸೊಸೆ. ರಕ್ತ ಕಮ್ಮಿ ಎಂದು ಖರ್ಜೂರ ತಂದಿಡುವ ಈ ಒಳ್ಳೆಯ ದಾಕ್ಷಾಯಿಣಿ. ಚಪಾತಿ ತಿನ್ನು, ಶಕ್ತಿ ಬರುತ್ತೆ ಎನ್ನುವ ಈ ಒಳ್ಳೆಯ ಮುದುಕರು. ಆಮೇಲೆ ಒಂದು ದಿನ ನಿಲ್ಲದೇ ಹೋಗುವ ಮಗು. ಅದಕ್ಕೂ ಯಾವುದೋ ತಪ್ಪು ಹುಡುಕುತ್ತಾರೆ, ಅದಕ್ಕೂ ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟುತ್ತಾರೆ. ಯಾರೂ ಕೆಟ್ಟವರಲ್ಲ. ತನ್ನ ಅತ್ತೆಯೂ ಕೆಟ್ಟವಳಾಗಿರಲಿಲ್ಲ.

ಲೋಟ ಕೆಳಗಿಟ್ಟಳು.

"ಹರಕೆ ಅಲ್ಲ ಯಜಮಾನ್ರೇ. ನಂಗೆ ಕಾಯಿಲೆ ಇದೆ."

"ಮಂಗಳಾ," ಎಂದ ಬಸವೇಶ್.

"ಗೋಧಿ ತಿಂದ್ರೆ ನನ್ನ ಕರುಳು ಕೆಡುತ್ತೆ. ನೀವು ಕೆಡ್ಸಿದ್ದು ಏನೂ ಇಲ್ಲ. ಶಿವನಿಗೂ ಇದಕ್ಕೂ ಸಂಬಂಧ ಇಲ್ಲ."

ಮಾದಯ್ಯನವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವರು ಅವಳನ್ನು ನೋಡಿ, ಬಸವೇಶನನ್ನು ನೋಡಿ, ಕೊನೆಗೆ ಗಾನವಿಯನ್ನು ನೋಡಿದರು.

"ಮಗೀಗೂ ಐತಾ?"

"ಗೊತ್ತಿಲ್ಲ. ಇರ್ಬೋದು. ಇಲ್ದೇನೂ ಇರ್ಬೋದು. ಡಾಕ್ಟ್ರು ನೋಡ್ಸಿ ಅಂದ್ರು. ನಾವು ನೋಡ್ಸಿಲ್ಲ."

"ಯಾಕೆ ನೋಡುಸ್ನಿಲ್ಲ?"

ಉತ್ತರ ಎಲ್ಲರಿಗೂ ಗೊತ್ತಾಯಿತು.

"ತಾತ, ಅದಕ್ಕೆಲ್ಲ ಈಗ..." ಎಂದು ರವಿಚಂದ್ರ ಬಾಯಿ ತೆರೆದ. "ತಡಿಯಪ್ಪ," ಎಂದರು ಮಾದಯ್ಯನವರು. ಅವನು ತಡೆದ. ಆಮೇಲೆ ಅವನು ಮಾತಾಡಲೇ ಇಲ್ಲ. ಗಾನವಿ ಕಾದಿದ್ದನ್ನು, ಕಾದು ತಲೆ ತಗ್ಗಿಸಿದ್ದನ್ನು ಸರ್ವಮಂಗಳಾ ಕಂಡಳು.

ಮುದುಕರ ದನಿಯಲ್ಲಿ ಸಿಟ್ಟಿರಲಿಲ್ಲ. "ದ್ಯಾವ್ರಿಗೆ ತೆಪ್ಪಿದ್ರೆ ಕಾಣ್ಕೆ ಕಟ್ಬೋದು ಕಣವ್ವ. ಇದುಕ್ಕೆ ಏನ್ ಕಟ್ಟಾನ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ತಮ್ಮ ಕೋಣೆಗೆ ಹೋದರು.

ಹೊರಡುವಾಗ ದಾಕ್ಷಾಯಿಣಿ ಬಾಗಿಲ ತನಕ ಬಂದಳು. "ಹರಕೆ ಅಂತ ಅಷ್ಟೆಲ್ಲ ಮಾಡ್ಸಿಕೊಂಡ್ರಿ," ಎಂದಳು. ಕಣ್ಣು ಕೆಂಪಾಗಿತ್ತು. "ಕಾಯಿಲೆ ಅಂದಿದ್ರೆ ನಾನು ಮಾಡ್ತಿರ್ಲಿಲ್ವಾ?"

ಮಾಡುತ್ತಿದ್ದಳೋ ಏನೋ. ಅದು ಇನ್ನು ಗೊತ್ತಾಗುವ ಹಾಗಿರಲಿಲ್ಲ. ಫೋನ್ ಮಾಡುತ್ತೇವೆ ಎಂದು ಯಾರೂ ಹೇಳಲಿಲ್ಲ.

ಬಾಡಿಗೆ ಕಾರಿನಲ್ಲಿ ಬಸವೇಶ್ ಕಿಟಕಿಯಾಚೆ ನೋಡುತ್ತ ಕೂತ. ಗದ್ದೆ ಬಯಲು, ಕಬ್ಬಿನ ಗಾಡಿಗಳು ಹಿಂದಕ್ಕೆ ಹೋದವು. ಸರ್ವಮಂಗಳಾ ಮತ್ತೊಮ್ಮೆ ಡ್ರೈವರಿಗೆ ಹೇಳಿ ಕಾರು ನಿಲ್ಲಿಸಿ ದಾರಿ ಬದಿಯಲ್ಲಿ ಬಗ್ಗಿದಳು. ಈ ಸಲ ಹಣೆ ಹಿಡಿಯಲು ಯಾರೂ ಇಳಿಯಲಿಲ್ಲ. ನಂಜನಗೂಡು ಹತ್ತಿರವಾದಾಗ ಗಾನವಿ ಒಂದೇ ಮಾತಾಡಿದಳು.

"ಎಲ್ಲ ಸರಿಹೋಗಿತ್ತಲ್ಲಮ್ಮ."

ಸಂಜೆ ಬಸವೇಶ್ ಬೀಗದಕೈ ತೆಗೆದುಕೊಂಡು, ರಜೆಯ ದಿನವೂ ಅಂಗಡಿಗೆ ಹೊರಟುಹೋದ. ಕೋಣೆಯಲ್ಲಿ ಮಲಗಿದ್ದ ಸರ್ವಮಂಗಳಾಗೆ ಅಡುಗೆಮನೆಯಿಂದ ಸದ್ದು ಕೇಳಿಸಿತು. ಎದ್ದು ಹೋದಳು. ಗಾನವಿ ಮೇಲಿನ ಶೆಲ್ಫಿನಿಂದ ಗೋಧಿಹಿಟ್ಟಿನ ಡಬ್ಬ ಇಳಿಸಿದ್ದಳು. ತನಗೂ ಅಪ್ಪನಿಗೂ ಮೀಸಲಾದ ಹಂಚು ಒಲೆಯ ಮೇಲಿತ್ತು. ಹಿಟ್ಟು ಕಟ್ಟೆಯ ತುಂಬ ಚೆಲ್ಲಿತ್ತು. ಬೆಂದ ಚಪಾತಿಯನ್ನು ತಟ್ಟೆಗೂ ಹಾಕಿಕೊಳ್ಳದೆ ನಿಂತೇ ಹರಿದು ಬಾಯಿಗೆ ತುರುಕಿಕೊಂಡಳು.

"ನೋಡು," ಎಂದಳು, ಬಾಯಿ ತುಂಬ ಇಟ್ಟುಕೊಂಡು. "ನೋಡಮ್ಮ, ಸರಿಯಾಗಿ ನೋಡು. ಏನಾಗಿದೆ ನಂಗೆ? ನಂಗೇನೂ ಆಗಿಲ್ಲ. ನಿಂಗಾದ್ರೆ ಎಲ್ರಿಗೂ ಆಗ್ಬೇಕಾ?"

ಹಿಟ್ಟಿನ ದೂಳು ಹಾರುತ್ತಿದ್ದುದರಿಂದ ಸರ್ವಮಂಗಳಾ ಒಳಗೆ ಕಾಲಿಡಲಿಲ್ಲ. ಹೊಸಿಲಿನಾಚೆಯೇ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಳು. ಮಗಳ ಗಂಟಲಿನಲ್ಲಿ ತುತ್ತು ಇಳಿಯುವುದನ್ನೇ ನೋಡಿದಳು. ಏನೂ ಆಗದೇ ಇದ್ದರೆ, ಒಳ್ಳೆಯದೊಂದು ಮನೆಯನ್ನು ಸುಮ್ಮಸುಮ್ಮನೆ ಕಳೆದಂತೆ. ಕಾಯಿಲೆ ಇದ್ದದ್ದೇ ಆದರೆ, ತಾನು ಹೇಳಿದ್ದು ಸರಿಯಾದಂತೆ. ಯಾವುದನ್ನು ಬೇಡಿಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ.

"ತಿನ್ನು," ಎಂದಳು.

ಗಾನವಿ ಕೈ ನಿಲ್ಲಿಸಿದಳು. ತಾಯಿ ಬೇಡ ಎನ್ನುತ್ತಾಳೆ, ಬಂದು ಕಿತ್ತುಕೊಳ್ಳುತ್ತಾಳೆ ಎಂದುಕೊಂಡಿದ್ದಳೇನೋ.

"ರಕ್ತ ಕೊಡೋ ತನಕ ಗೋಧಿ ಬಿಡಬಾರ್ದಂತೆ. ಬಿಟ್ರೆ ಪರೀಕ್ಷೇಲಿ ಕಾಣ್ಸಲ್ವಂತೆ. ಅಲ್ಲಿ ತನಕ ದಿನಾ ತಿನ್ನು."

ಹಂಚು ಹೊಗೆಯಾಡುತ್ತಿತ್ತು. ಗಾನವಿ ಒಲೆ ಆರಿಸಿದಳು.

"ಯಾವಾಗ ಹೋಗೋದು?" ಎಂದು ಆ ಕಡೆ ತಿರುಗಿಕೊಂಡೇ ಕೇಳಿದಳು.

"ಬೆಳಗ್ಗೆ."

ಗಾನವಿ ಇನ್ನೊಂದು ತುತ್ತು ಮುರಿದಳು. ಈಗ ತುರುಕಿಕೊಳ್ಳಲಿಲ್ಲ. ನಿಧಾನವಾಗಿ, ಹುಣ್ಣಿರುವ ಕಡೆ ತಪ್ಪಿಸಿ, ಇನ್ನೊಂದು ದವಡೆಯಲ್ಲಿ ಅಗಿಯತೊಡಗಿದಳು.